ಎಲ್ಲರಿಗೂ ಒಂಬೈನೂರ ಎಂಬತ್ತು

ಕೆಲಸಕ್ಕೆ ಸೇರಿದ ಮೇಲೆ ಅಷ್ಟು ವರ್ಷ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವ ಉತ್ತರ, ಬಸ್ಸು ಕಾದೆ ಎಂಬುದು. ಮನೆ ದಾವಣಗೆರೆಯಲ್ಲಿ, ಕೆಲಸ ಹರಿಹರದ ಒಂದು ಜೂನಿಯರ್ ಕಾಲೇಜಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಸೇರಿದವಳು, ಎಂಬತ್ತರ ದಶಕದ ಬಹುಪಾಲು ಅಲ್ಲಿಯೇ ಭೌತಶಾಸ್ತ್ರ ಕಲಿಸಿದೆ. ಚಲನೆ, ಬಲ, ವೇಗ, ಗುರುತ್ವ. ಹುಡುಗರು ಅದನ್ನು ಫಿಸಿಕ್ಸ್ ಅನ್ನುತ್ತಿದ್ದರು. ನಮ್ಮ ಅತ್ತೆ ಮಾತ್ರ ಬಂದವರ ಮುಂದೆ, "ಅದೇನೋ ಬೀಳೋದು ಏಳೋದು ಹೇಳ್ಕೊಡ್ತಾಳ್ರಿ ನಮ್ಮ ಸೊಸಿ" ಅನ್ನುತ್ತಿದ್ದರು. ಈಗ ಯೋಚಿಸಿದರೆ ಅವರ ವಿವರಣೆಯಲ್ಲಿ ಕೂಡಿಸುವುದಕ್ಕೂ ಕಳೆಯುವುದಕ್ಕೂ ಏನೂ ಇಲ್ಲ.

ಬೆಳಗಿನ ಮೊದಲ ಮಿಲ್ಲಿನ ಕೂಗಿಗೆ ನಾನು ಏಳಬೇಕಿತ್ತು. ಬಟ್ಟೆ ಮಿಲ್ಲಿನ ಸೈರನ್ನಿಗೆ ನಮ್ಮ ಕಡೆ ಕೂಗು ಅಂತಲೇ ಹೆಸರು. ಊರು ಎದ್ದು ಮಲಗುತ್ತಿದ್ದುದೆಲ್ಲ ಅದರ ಲೆಕ್ಕದಲ್ಲೇ. ಎದ್ದವಳು ಸೀಮೆಎಣ್ಣೆ ಸ್ಟೋವಿಗೆ ಪಂಪು ಹೊಡೆದು, ದಮ್ಮಿನ ಅತ್ತೆಗೆ ಬಿಸಿನೀರು ಕೊಟ್ಟು, ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರಿಗೆ ರೊಟ್ಟಿ ಬಡಿದು ಬುತ್ತಿ ಕಟ್ಟುವಷ್ಟರಲ್ಲಿ ಆವರಗೆರೆಯಿಂದ ಸೈಕಲ್ಲಿನ ಮೇಲೆ ಹಾಲು ಬರಬೇಕು. ಹಾಲು ತಡವಾದರೆ ಚಹಾ ತಡ, ಚಹಾ ತಡವಾದರೆ ಅತ್ತೆಯ ಮಾತು ಉದ್ದ, ಮಾತು ಉದ್ದವಾದರೆ ಬಸ್ಸು ಹೋಯಿತು. ಕಾರಣ ಮತ್ತು ಪರಿಣಾಮದ ಪಾಠವನ್ನು ನಾನು ಬೆಳಿಗ್ಗೆಯೇ ಮುಗಿಸಿಕೊಂಡು ಹೊರಡುತ್ತಿದ್ದೆ.

ಇನ್ನು ಬಸ್ಸಿನದು. ಕೂರಲು ಜಾಗ ಸಿಕ್ಕ ದಿನಗಳು ನನಗೆ ನೆನಪಿಲ್ಲ. ಜಡತ್ವ ಎಂದರೇನು ಎಂದು ಪುಸ್ತಕದಲ್ಲಿ ಒಂದು ಸಾಲು ಇರುತ್ತಿತ್ತು, ಅದರ ಕೆಳಗೆ ಉದಾಹರಣೆಗೆ ಒಂದು ಬಸ್ಸು. ಬಸ್ಸು ಥಟ್ಟನೆ ನಿಂತರೆ ಒಳಗಿದ್ದವರು ಮುಂದಕ್ಕೆ ಬೀಳುತ್ತಾರೆ. ಬರೆದವರು ಬೀಳುವುದನ್ನು ಹೇಳಿದರೇ ಹೊರತು, ಬಿದ್ದಾಗ ಪಕ್ಕದವರ ಟಿಫಿನ್ ಡಬ್ಬಿ ಪಕ್ಕೆಗೆ ತಿವಿಯುವುದನ್ನಾಗಲಿ, ಕಂಡಕ್ಟರು "ಒಳಗ ಸರೀರಿ ಅಕ್ಕಾರ, ಒಳಗ ಬೇಕಾದಷ್ಟು ಜಾಗ ಐತೆ" ಎಂದು ಹಸೀ ಸುಳ್ಳು ಹೇಳುವುದನ್ನಾಗಲಿ ಬರೆಯಲಿಲ್ಲ. ಹರಿಹರದಲ್ಲಿ ಇಳಿಯುವ ಹೊತ್ತಿಗೆ ಸೀರೆಯ ಗಂಜಿಯೂ ನನ್ನ ಉತ್ಸಾಹವೂ ಒಟ್ಟಿಗೇ ಇಳಿದಿರುತ್ತಿದ್ದವು. ನಾನು ಸಿಡುಕಿ ಎಂದು ಕಾಲೇಜಿನಲ್ಲಿ ಹೆಸರಾಗಿತ್ತು. ಆ ಬಸ್ಸಿನಲ್ಲಿ ಒಂದು ವಾರ ಬಂದು ಆಮೇಲೆ ಹೇಳಲಿ ಎಂದುಕೊಳ್ಳುತ್ತಿದ್ದೆ.

ಕಾಲೇಜಿನ ಹಿಂಭಾಗದ ಉದ್ದನೆಯ ಕೋಣೆಯೇ ನಮ್ಮ ಪ್ರಯೋಗಶಾಲೆ. ವಿಭಾಗಕ್ಕೆ ನಾವು ಇಬ್ಬರು. ಹಿರಿಯರಾಗಿ ಒಬ್ಬ ಸರ್ ಇದ್ದರು. ನಿವೃತ್ತಿ ಹತ್ತಿರ ಬಂದಿದ್ದ ಅವರಿಗೆ ಎಲ್ಲವೂ ಸದ್ದಿಲ್ಲದೆ ನಡೆದುಹೋಗಬೇಕು. ಕೆಟ್ಟವರಲ್ಲ. ಸಂಜೆ ನಾಲ್ಕಕ್ಕೆ ಮಂಡಕ್ಕಿ ಮಿರ್ಚಿ ತರಿಸಿದರೆ ಮೊದಲು ನನಗೆ ಕೊಟ್ಟು ತಾವು ತಿನ್ನುತ್ತಿದ್ದರು. ನಮ್ಮಿಬ್ಬರ ಜೊತೆ ಲ್ಯಾಬಿನ ಅಟೆಂಡರ್ ಒಬ್ಬ. ಕಾಲೇಜಿನ ಸ್ಟಾಪ್‌ವಾಚುಗಳಲ್ಲಿ ಓಡುತ್ತಿದ್ದುದು ಒಂದೇ, ಅದನ್ನು ಆತ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಬೀರುವಿಗೆ ಬೀಗ ಹಾಕುತ್ತಿದ್ದ. ಕೇಳಿದವರಿಗೆ ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡುತ್ತಿದ್ದ.

ನಮ್ಮಲ್ಲಿ ಲೋಲಕದ ಪ್ರಯೋಗ ಅಂತ ಒಂದಿತ್ತು. ಮಕ್ಕಳ ಬಾಯಲ್ಲಿ ಅದು ಪೆಂಡುಲಮ್. ಒಂದು ದಾರಕ್ಕೆ ಹಿತ್ತಾಳೆಯ ಗುಂಡು ಕಟ್ಟಿ ಇಳಿಬಿಡುವುದು, ಸ್ವಲ್ಪ ಪಕ್ಕಕ್ಕೆ ಎಳೆದು ಬಿಡುವುದು, ಅದು ಇಪ್ಪತ್ತು ಸಲ ತೂಗಿ ಬರಲು ಎಷ್ಟು ಹೊತ್ತು ಬೇಕೆಂದು ಸ್ಟಾಪ್‌ವಾಚಿನಲ್ಲಿ ನೋಡುವುದು. ದಾರದ ಉದ್ದವೂ ಸಮಯವೂ ಗೊತ್ತಾದರೆ, ಭೂಮಿ ವಸ್ತುಗಳನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂಬ ಲೆಕ್ಕ ಸಿಗುತ್ತದೆ. ಪುಸ್ತಕದಲ್ಲಿ ಅದರ ಬೆಲೆ ಒಂಬೈನೂರ ಎಂಬತ್ತು. ನಿಜ ಹೇಳಬೇಕೆಂದರೆ ಭೂಮಿಯ ಮೇಲೆ ಎಲ್ಲ ಕಡೆ ಅದು ಒಂದೇ ಸಮ ಇರುವುದಿಲ್ಲ. ನಮ್ಮ ದಾವಣಗೆರೆ ಹರಿಹರದ ಕಡೆ ಎರಡು ಕಡಿಮೆ, ಒಂಬೈನೂರ ಎಪ್ಪತ್ತೆಂಟರ ಸುಮಾರು. ಆದರೆ ಅದು ಯಾರಿಗೂ ಬೇಕಿರಲಿಲ್ಲ.

ನಮ್ಮ ಕಾಲೇಜಿನಲ್ಲಿ, ನಮ್ಮದೊಂದರಲ್ಲೇ ಏನಲ್ಲ, ಈ ಪ್ರಯೋಗವನ್ನು ಹಿಂದಿನಿಂದ ಮುಂದಕ್ಕೆ ಮಾಡುವ ಪದ್ಧತಿ ಇತ್ತು. ಉತ್ತರ ಒಂಬೈನೂರ ಎಂಬತ್ತು ಎಂದು ಮೊದಲೇ ಇಟ್ಟುಕೊಳ್ಳುವುದು. ಆ ಉತ್ತರ ಬರಬೇಕಾದರೆ ಗುಂಡು ಎಷ್ಟು ಸೆಕೆಂಡಿನಲ್ಲಿ ತೂಗಬೇಕಿತ್ತೋ ಅದನ್ನು ಲೆಕ್ಕ ಹಾಕಿ ಕೋಷ್ಟಕದಲ್ಲಿ ತುಂಬುವುದು. ಜಾಣ ಹುಡುಗರು ಒಂದು ಕಡೆ ಎಪ್ಪತ್ತೊಂಬತ್ತು, ಇನ್ನೊಂದು ಕಡೆ ಎಂಬತ್ತೊಂದು ಬರುವಂತೆ ಮಾಡಿ, ಸರಾಸರಿಗೆ ಎಂಬತ್ತು ತಂದು ನಿಲ್ಲಿಸುತ್ತಿದ್ದರು. ಅದಕ್ಕೆ ಬೇಕಾದ ಗಣಿತ ನಿಜವಾದ ಪ್ರಯೋಗಕ್ಕಿಂತ ಕಷ್ಟದ್ದು. ಇಷ್ಟು ಬುದ್ಧಿ ಖರ್ಚು ಮಾಡುವ ಬದಲು ಗುಂಡನ್ನೇ ತೂಗಿಸಬಾರದೇ ಎಂದು ನಾನು ರೇಗುತ್ತಿದ್ದೆ. ಅವರು ತಲೆ ತಗ್ಗಿಸಿ ನಗುತ್ತಿದ್ದರು. ಸರ್ ಸಹಿ ಹಾಕುತ್ತಿದ್ದರು.

ಒಂದು ವರ್ಷ ಎರಡನೇ ಪಿಯುಸಿಯಲ್ಲಿ ಒಬ್ಬ ಹುಡುಗಿ ಬಂದಳು. ಹರಿಹರದ ಪೇಟೆಯಲ್ಲಿ ತಗಡಿನ ಟ್ರಂಕು ಮಾಡಿ ಮಾರುವವರ ಮಗಳು. ಆ ಅಂಗಡಿಯ ಮುಂದೆ ಹೋಗುವಾಗ ಸುತ್ತಿಗೆ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕಿತ್ತು. ಅಷ್ಟು ಗದ್ದಲದಲ್ಲಿ ಬೆಳೆದದ್ದಕ್ಕೋ ಏನೋ, ಈ ಹುಡುಗಿಗೆ ಮಾತು ಕಡಿಮೆ. ಕೆಲಸವೂ ಬಹಳ ನಿಧಾನ. ಎಲ್ಲರೂ ಬರೆದು ಮುಗಿಸಿ ಕೈ ತೊಳೆದುಕೊಂಡು ಹೋದ ಮೇಲೂ ಇವಳು ತುಟಿ ಅಲ್ಲಾಡಿಸುತ್ತ ಗುಂಡಿನ ತೂಗಾಟ ಎಣಿಸುತ್ತ ನಿಂತಿರುತ್ತಿದ್ದಳು. ಅವಳು ಮುಗಿಸುವ ತನಕ ನಾನು ನಿಂತಿರಬೇಕು, ನಾನು ಹೊರಡುವ ತನಕ ಅಟೆಂಡರ್ ನಿಂತಿರಬೇಕು. ಮೊದಮೊದಲು ಅವಳನ್ನು ಕಂಡರೇ ನನಗೆ ಕಾಲು ನೋಯಲು ಶುರುವಾಗುತ್ತಿತ್ತು.

ಅವಳ ಉತ್ತರ ಒಂಬೈನೂರ ನಲವತ್ತು ಬಂತು. ಮತ್ತೆ ಮಾಡು ಅಂದೆ. ಮತ್ತೆ ಅದೇ ಸುತ್ತುಮುತ್ತು. ದಾರ ಉದ್ದ ಮಾಡಿದಳು, ಗಿಡ್ಡ ಮಾಡಿದಳು, ನಲವತ್ತು ಬಿಟ್ಟು ಅತ್ತಿತ್ತ ಹೋಗಲೊಲ್ಲದು. ಪಕ್ಕದವರೆಲ್ಲ ಎಂಬತ್ತು ಬರೆದು ಕೂತಿದ್ದರು. ಇವಳು ನಲವತ್ತನ್ನೇ ದುಂಡಗೆ ಬರೆದು ಸಹಿಗೆ ಕೊಟ್ಟಳು. ಸರ್ ಕನ್ನಡಕ ಮೇಲೆತ್ತಿ ನೋಡಿದರು.

"ಏನವ್ವಾ ಇದು? ಭೂಮಿ ನಿನಗ ಬ್ಯಾರೆ ಐತೇನು?"

"ಹಂಗೇ ಬಂತು ಸರ್."

"ಬರಂಗಿಲ್ಲ ಅದು. ಪರೀಕ್ಷೆಯಾಗ ಹಿಂಗ ಬರದ್ರೆ ಹೊರಗಿನಿಂದ ಬಂದೋರು ಸೊನ್ನೆ ಹಾಕ್ತಾರ. ಎಂಬತ್ತು ಮಾಡ್ಕೊಂಡು ಬಾ."

ಅವಳು ಹೋದಳು, ಮಾಡಿಕೊಂಡು ಬರಲಿಲ್ಲ. ಎದುರು ಮಾತಾಡಲಿಲ್ಲ, ಅಳಲೂ ಇಲ್ಲ. ಸುಮ್ಮನೆ ಬರಲಿಲ್ಲ, ಅಷ್ಟೇ.

ಎರಡು ದಿನ ಬಿಟ್ಟು ಅವಳ ತಂದೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಕೈಯ ಗೆರೆಗಳಲ್ಲೆಲ್ಲ ತಗಡಿನ ಕಪ್ಪು, ಎಡಗೈಯಲ್ಲಿ ದೊಡ್ಡದೊಂದು ವಾಚು. ಕೂಡ್ರಿ ಎಂದರೂ ಕೂರಲಿಲ್ಲ. ಯಾರೋ ಹುಡುಗರು ಪೇಟೆಯಲ್ಲಿ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಅವರು ಹೇಳಿದ್ದರಲ್ಲಿ ಸುತ್ತುಬಳಸು ಇರಲಿಲ್ಲ. ಮನೆಯಲ್ಲಿ ಅವರ ಅಣ್ಣಂದಿರಿಗೆ, ಅಮ್ಮನಿಗೆ ಹುಡುಗಿ ಇಷ್ಟು ಓದಿದ್ದೇ ಹೆಚ್ಚು. ಇವರೊಬ್ಬರೇ ಹಟ ಹಿಡಿದು ಕಳಿಸುತ್ತಿದ್ದಾರೆ. ಆದರೆ ಮಾತು ಕೊಟ್ಟಾಗಿದೆ. ಒಂದೇ ಸಲಕ್ಕೆ ಪಾಸಾದರೆ ದಾವಣಗೆರೆಗೆ ಬಿಎಸ್ಸಿಗೆ ಕಳಿಸುವುದು, ಒಂದು ವಿಷಯದಲ್ಲಿ ಹೋದರೂ ಅಲ್ಲಿಗೆ ಮುಗಿಯಿತು. ಪ್ರಾಕ್ಟಿಕಲ್ ಹೋದರೂ ಹೋದ ಹಾಗೆಯೇ.

"ನೀವು ಒಂದು ಮಾತು ಹೇಳ್ರಿ ಮೇಡಂ, ನಿಮ್ಮ ಮಾತು ಕೇಳ್ತಾಳ. ಎಲ್ಲರೂ ಬರೆಯೋದನ್ನ ಬರೀಲಿ. ನಾನೂ ತಗಡು ಕೊರೆಯೋವಾಗ ಒಂದು ಕೂದಲು ಆಚೆ ಈಚೆ ಆಗ್ತದ್ರಿ. ಬಡಿದು ಕೂಡಿಸ್ತೀನಿ. ಮುಚ್ಚಳ ಕುಂತ್ರೆ ಸಾಕು, ಗಿರಾಕಿ ಏನು ಅಳತೆ ಹಿಡಿದು ನೋಡ್ತಾನೇನ್ರಿ?"

ಅವರು ಕೇಳುತ್ತಿದ್ದುದು ತಪ್ಪು ಎಂದು ಅನ್ನಿಸಲಿಲ್ಲ. ಒಂದು ಅಂಕಿಗಾಗಿ ಮಗಳ ಓದು ನಿಲ್ಲುವುದೇ ಎಂದು ಅವರಿಗೆ ಹೆದರಿಕೆ. ಆ ಹೆದರಿಕೆ ಅವರು ಹೋದ ಮೇಲೆ ನನಗೂ ಅಂಟಿಕೊಂಡಿತು. ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ಸಿಟ್ಟು ಬಂತು. ಸರ್ ಮೇಲೆ, ಹುಡುಗಿಯ ಮೇಲೆ, ಪುಸ್ತಕದ ಮೇಲೆ, ಎಲ್ಲರ ಮೇಲೆ. ನಾನು ದಿನಾ ಕ್ಲಾಸಿನಲ್ಲಿ ನಿಂತು, ವಿಜ್ಞಾನ ಅಂದರೆ ಕಂಡದ್ದನ್ನು ಬರೆಯುವುದು, ಕಂಡದ್ದು ಯಾಕೆ ಹಾಗಿದೆ ಎಂದು ಕೇಳುವುದು ಅನ್ನುತ್ತೇನೆ. ಕೇಳಿಸಿಕೊಂಡವರು ಯಾರೂ ಇಲ್ಲವೆಂದುಕೊಂಡು ಧೈರ್ಯವಾಗಿ ಅನ್ನುತ್ತಿದ್ದೆ. ಈಗ ನೋಡಿದರೆ ಒಬ್ಬಳು ಕೇಳಿಸಿಕೊಂಡುಬಿಟ್ಟಿದ್ದಳು.

ಮರುದಿನ ಅವಳನ್ನು ಕರೆದು, "ಎಂಬತ್ತು ಬರಿ ಅಂತ ನಾನು ಹೇಳೋದಿಲ್ಲ. ನಲವತ್ತು ಸರಿ ಅಂತಲೂ ಹೇಳೋದಿಲ್ಲ. ಯಾಕ ಬಂತು ಅಂತ ಹುಡುಕು. ಸಂಜೆ ನಿಲ್ಲು" ಅಂದೆ. ಅವಳ ಮುಖದಲ್ಲಿ ಅಂಥ ಬದಲಾವಣೆಯೇನೂ ಕಾಣಲಿಲ್ಲ. ಸಂಜೆ ನಿಂತಳು. ನಾನು ಐದರ ಬಸ್ಸನ್ನು ಬಿಟ್ಟು ಆರರದಕ್ಕೆ ಹೋಗುವುದು ಶುರುವಾಯಿತು. ಮನೆಯಲ್ಲಿ ಅತ್ತೆಯ ಮುಖ ದಪ್ಪವಾಯಿತು. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಹುಡುಕುವುದು ಎಂದರೆ ದೊಡ್ಡ ಸಾಹಸವೇನಲ್ಲ, ಬೇಸರದ ಕೆಲಸ. ಒಂದೊಂದೇ ಅನುಮಾನ ತೆಗೆದುಕೊಂಡು, ಉಳಿದದ್ದನ್ನೆಲ್ಲ ಇದ್ದ ಹಾಗೇ ಬಿಟ್ಟು, ಅದೊಂದನ್ನೇ ಬದಲಾಯಿಸಿ ನೋಡಬೇಕು. ಮೊದಲ ಸಂಜೆ ದಾರದ ಉದ್ದ ಅಳೆದೆವು. ಗುಂಡಿನ ನೆತ್ತಿಯವರೆಗೆ ಅಳೆಯುತ್ತಿದ್ದಾಳೋ ನಡುವಿನವರೆಗೋ ಎಂದು ನನ್ನ ಅನುಮಾನ. ಅವಳು ನಡುವಿನವರೆಗೇ ಅಳೆದಿದ್ದಳು. ಸ್ಕೇಲಿನ ತುದಿ ಸವೆದಿರಬಹುದೆಂದು ನಡುವಿನ ಗೆರೆಯಿಂದ ಹಿಡಿದು ಅಳೆದೆವು. ಅದೇ ಉದ್ದ. ಮಾರನೆಯ ಸಂಜೆ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಗುಂಡನ್ನು ಇನ್ನೂ ಕಡಿಮೆ ಎಳೆದು ಬಿಟ್ಟೆವು. ಬೆವರು ಬಂತು, ಎಂಬತ್ತು ಬರಲಿಲ್ಲ. ದಾರ ಹಿಗ್ಗುತ್ತದೆಯೇ ನೋಡೋಣ ಎಂದು ಗುಂಡು ಕಟ್ಟಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆದೆವು. ಹತ್ತಿಯ ಊರಿನ ದಾರ, ಜಗ್ಗಲಿಲ್ಲ.

ಒಂದು ಸಂಜೆ ಸುಸ್ತಾಗಿ ಸ್ಟೂಲಿನ ಮೇಲೆ ಕೂತು ನಾನು ನನ್ನ ವಾಚು ನೋಡಿಕೊಂಡೆ, ಬಸ್ಸಿಗೆ ಎಷ್ಟು ಹೊತ್ತಿದೆ ಎಂದು. ಅವಳು ನನ್ನ ಕೈಯನ್ನೇ ನೋಡುತ್ತ ನಿಂತಳು.

"ಮೇಡಂ, ಎಲ್ಲಾನೂ ಅಳದ್ವಿ. ಅಳಿಯೋದನ್ನ ಅಳೀಲಿಲ್ಲ" ಅಂದಳು.

ಅಟೆಂಡರ್ ಸ್ಟಾಪ್‌ವಾಚನ್ನು ಬಟ್ಟೆಯೊಳಗೆ ಸುತ್ತುತ್ತಿದ್ದ. ಅವನ ಕೈಯಿಂದ ಅದನ್ನು ವಾಪಸು ತೆಗೆದುಕೊಂಡು, ನನ್ನ ಕೈಗಡಿಯಾರದ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟು, ಎರಡನ್ನೂ ನೋಡುತ್ತ ಮೂವರೂ ಸುಮ್ಮನೆ ನಿಂತೆವು. ಹತ್ತು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಕೈಗಡಿಯಾರದಲ್ಲಿ ಹತ್ತು ನಿಮಿಷ ಮುಗಿದಾಗ ಸ್ಟಾಪ್‌ವಾಚು ಅದನ್ನು ದಾಟಿ ಹನ್ನೆರಡು ಸೆಕೆಂಡು ಮುಂದೆ ಹೋಗಿತ್ತು. ಮತ್ತೆ ನೋಡಿದೆವು, ಅಷ್ಟೇ. ನನ್ನ ಕೈಗಡಿಯಾರ ದಿನಾ ಮಿಲ್ಲಿನ ಕೂಗಿಗೆ ಸರಿಹೊಂದುತ್ತಿತ್ತು, ಮುಂದೆ ಓಡುತ್ತಿದ್ದುದು ಸ್ಟಾಪ್‌ವಾಚೇ. ಹೊತ್ತನ್ನು ಹೆಚ್ಚು ತೋರಿಸುತ್ತಿತ್ತು. ಹೊತ್ತು ಹೆಚ್ಚಾದರೆ ಲೆಕ್ಕದಲ್ಲಿ ಉತ್ತರ ಕಡಿಮೆಯಾಗುತ್ತದೆ. ಗುಂಡು, ದಾರ, ಹುಡುಗಿ, ಭೂಮಿ, ಯಾವುದರದೂ ತಪ್ಪಿರಲಿಲ್ಲ.

ಅಟೆಂಡರ್ ಮುಖ ಒರೆಸಿಕೊಂಡ. "ಅದು ಮೊದ್ಲೊಮ್ಮೆ ಕೆಳಗ ಬಿದ್ದಿತ್ರಿ ಮೇಡಂ. ಸರ್ ದಾವಣಗೆರಿ ಪ್ಯಾಟಿಯಾಗ ರಿಪೇರಿ ಮಾಡಿಸ್ಕೊಂಡು ಬಂದ್ರು. ಅವತ್ತಿಂದ ಛಲೋ ಓಡ್ತೈತಲ್ರಿ" ಅಂದ. ಛಲೋ ಓಡುತ್ತಿತ್ತು, ಅದೇ ತಕರಾರು. ಬಿದ್ದು ಎಷ್ಟು ವರ್ಷವಾಯಿತು ಎಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ. ನಾನು ಸೇರುವುದಕ್ಕಿಂತ ಮುಂಚೆಯಂತೆ. ಅಂದರೆ ಇಷ್ಟು ವರ್ಷ, ಇಷ್ಟು ಮಕ್ಕಳು ಈ ಗಡಿಯಾರ ಹಿಡಿದು ಒಂಬೈನೂರ ಎಂಬತ್ತು ತಂದಿದ್ದರು. ಒಬ್ಬರಾದರೂ ನಿಜವಾದ ಉತ್ತರ ಬರೆದಿದ್ದರೆ ಗಡಿಯಾರ ಕೆಟ್ಟಿದೆ ಎಂದು ಅವತ್ತೇ ತಿಳಿಯುತ್ತಿತ್ತು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ಹುಡುಗಿ ಮಾತ್ರ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಗಾದರೆ ಉತ್ತರ ತಿದ್ದುವುದು ಹೇಗೆ ಎಂದು ಅವಳು ಕೇಳಬೇಕು ಎನ್ನುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ನೀನೇ ಯೋಚನೆ ಮಾಡು, ನಾಳೆ ನೋಡೋಣ ಎಂದು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮಾರನೆಯ ದಿನದಿಂದ ಅತ್ತೆಗೆ ದಮ್ಮು ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಎದುರಿಗೇ ಬಂದು ನಿಂತಿತ್ತು.

ಸರ್‌ಗೆ ಗಡಿಯಾರದ ವಿಷಯ ಹೇಳಿದೆ. ಅವರು, "ಈಗ ಇದನ್ನ ಕೆಟ್ಟೈತಿ ಅಂತ ಬರದ್ರೆ, ಇಷ್ಟು ದಿನ ಹೆಂಗ ಮಾಡ್ಸಿದ್ರಿ ಅಂತ ಕೇಳ್ತಾರ. ಹೊಸಾದಕ್ಕ ಕಮಿಟಿ ಒಪ್ಪಬೇಕು. ಪರೀಕ್ಷೆ ಒಂದು ಮುಗೀಲಿ ಬಿಡವ್ವಾ" ಅಂದರು. ಅವರ ದನಿಯಲ್ಲಿ ಜೋರಿರಲಿಲ್ಲ, ದಣಿವಿತ್ತು. ನನ್ನ ದಣಿವಿನ ಹಿರಿಯ ಅಣ್ಣನ ಹಾಗಿತ್ತು ಅದು. ಜಗಳ ಆಡಬೇಕೆಂದು ಹೋದವಳು ಸುಮ್ಮನೆ ವಾಪಸು ಬಂದೆ. ಪ್ರಯೋಗಗಳು ಬೇಕಾದಷ್ಟಿವೆ, ಚೀಟಿ ಎತ್ತುವಾಗ ಆ ಹುಡುಗಿಗೆ ಲೋಲಕವೇ ಬರಬೇಕೆಂದೇನಿದೆ ಎಂದು ಸಮಾಧಾನ ಮಾಡಿಕೊಂಡೆ.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದರು. ದೂರದ ಊರಿನವರು, ನಮ್ಮ ಹಾಗೆಯೇ ಬಸ್ಸು ರೈಲು ಹತ್ತಿ ಇಳಿದು ಸವೆದವರು. ಹಿಂದಿನ ವಾರವೆಲ್ಲ ಬೇರೆ ಬೇರೆ ಕಾಲೇಜಿನಲ್ಲಿ ಇದೇ ಕೆಲಸ ಮಾಡಿ ಬಂದಿದ್ದರು. ಬೆಳಿಗ್ಗೆ ಅವರನ್ನು ದಾವಣಗೆರೆಯಲ್ಲಿ ಇಳಿಸಿಕೊಂಡು ಬೆಣ್ಣೆದೋಸೆ ತಿನ್ನಿಸಿ ಕರೆತರುವುದು ಸರ್ ಪದ್ಧತಿ. ಸಂಜೆಯ ರೈಲು ಹಿಡಿಸಿ ಕಳಿಸುವುದೂ ಅವರದೇ ಜವಾಬ್ದಾರಿ. ಒಳಗಿನ ಪರೀಕ್ಷಕಿಯಾಗಿ ಪಕ್ಕದಲ್ಲಿ ಕೂರುವವಳು ನಾನು.

ಹುಡುಗಿ ಒಳಗೆ ಬಂದಾಗ ಅವಳ ಕೈ ನೋಡಿದೆ. ತಂದೆಯ ಆ ದೊಡ್ಡ ವಾಚು ಅವಳ ಸಣ್ಣ ಮಣಿಕಟ್ಟಿನಲ್ಲಿ ಜಾರಿ ಜಾರಿ ಮೊಣಕೈಯತ್ತ ಹೋಗುತ್ತಿತ್ತು. ಎಲ್ಲರೂ ಬರೆಯುವುದನ್ನು ಬರೀಲಿ ಎಂದು ಬಂದು ಹೇಳಿಹೋದ ಮನುಷ್ಯ, ಬೆಳಿಗ್ಗೆ ಅದನ್ನು ಬಿಚ್ಚಿ ಮಗಳ ಕೈಗೆ ಕಟ್ಟಿ ಕಳಿಸಿದ್ದರು. ಅವರ ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಅವಳು ಚೀಟಿ ಎತ್ತಿ, ಬಿಡಿಸಿ, ನನ್ನ ಕಡೆ ತಿರುಗಿಸಿ ತೋರಿಸಿದಳು. ಪೆಂಡುಲಮ್.

ಅವಳು ಸ್ಟಾಪ್‌ವಾಚನ್ನು ಇಸಿದುಕೊಂಡವಳೇ ಮೊದಲು ಮಾಡಿದ ಕೆಲಸ ಅದನ್ನು ತಂದೆಯ ವಾಚಿನ ಪಕ್ಕದಲ್ಲಿಟ್ಟು ಹತ್ತು ನಿಮಿಷ ನೋಡಿದ್ದು. ಪರೀಕ್ಷಕರು ದೂರದಿಂದ, "ಯಾಕಮ್ಮ, ಸುಮ್ಮನೆ ಕೂತಿದೀಯ? ಬರೋದಿಲ್ವಾ?" ಅಂದರು. ಅವಳು ಎದ್ದು ನಿಂತು, "ಗಡಿಯಾರ ನೋಡ್ತಿದೀನಿ ಸರ್" ಅಂದಳು. ಅವರು ಅದನ್ನು ಹೊತ್ತು ನೋಡುವುದೆಂದು ತಿಳಿದು, "ಟೈಮ್ ಬೇಕಾದಷ್ಟಿದೆ, ಶುರು ಮಾಡು" ಅಂದು ಚಹಾ ಕುಡಿದರು.

ಉತ್ತರ ಪತ್ರಿಕೆಗಳು ಮೊದಲು ನನ್ನ ಕೈಗೆ ಬರುತ್ತಿದ್ದವು. ಅವಳದನ್ನು ನಾನು ಪೂರ್ತಿ ಓದಿದೆ. ಚಿತ್ರ, ಕೋಷ್ಟಕ, ಲೆಕ್ಕ. ಬಂದ ಉತ್ತರ ಒಂಬೈನೂರ ನಲವತ್ತು. ಅದರ ಕೆಳಗೆ ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ, ಕೊಟ್ಟ ಗಡಿಯಾರ ಮುಂದೆ ಓಡುತ್ತಿದೆ, ಇನ್ನೊಂದು ಗಡಿಯಾರದ ಜೊತೆ ಇಟ್ಟು ನೋಡಿದಾಗ ಇಷ್ಟು ವ್ಯತ್ಯಾಸ ಬಂತು, ಆದ್ದರಿಂದ ಉತ್ತರವನ್ನು ಹೀಗೆ ತಿದ್ದಿದ್ದೇನೆ ಎಂದು ಬರೆದಿದ್ದಳು. ತಿದ್ದಿದ ಉತ್ತರ ಒಂಬೈನೂರ ಐವತ್ತೊಂಬತ್ತು. ಅಯ್ಯೋ ಅನ್ನಿಸಿತು. ಆ ಲೆಕ್ಕದಲ್ಲಿ ಹೊತ್ತು ಎರಡು ಸಲ ಬರುತ್ತದೆ, ಅದನ್ನು ಅದರಿಂದಲೇ ಗುಣಿಸಬೇಕು. ತಿದ್ದುವುದಾದರೆ ಎರಡು ಸಲ ತಿದ್ದಬೇಕು. ಅವಳು ಗಾಬರಿಯಲ್ಲಿ ಒಂದೇ ಸಲ ತಿದ್ದಿದ್ದಳು. ಈಗ ಅವಳ ಕಾಗದದಲ್ಲಿ ಎಂಬತ್ತು ಎಲ್ಲಿಯೂ ಇರಲಿಲ್ಲ. ಇದ್ದದ್ದು ಎರಡು ಅಂಕಿ, ಎರಡೂ ನೋಡಿದವರ ಕಣ್ಣಿಗೆ ತಪ್ಪೇ.

ಪತ್ರಿಕೆಯನ್ನು ಅವರ ಮುಂದೆ ಸರಿಸಿದೆ. ಕೇಳಿದರೆ ಹೀಗೆ ಹೇಳಬೇಕು, ಗಡಿಯಾರ ತೋರಿಸಬೇಕು, ಸರ್ ಬೇಜಾರಾದರೂ ಆಗಲಿ, ಅಟೆಂಡರನ್ನೂ ಕರೆಯಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಕೂತೆ. ಅವರು ಹಾಳೆ ತಿರುಗಿಸಿದರು. ಚಿತ್ರದ ಮೇಲೆ ಒಂದು ಗೀಟು, ಕೋಷ್ಟಕದ ಮೇಲೆ ಒಂದು ಗೀಟು. ಕೊನೆಯ ಪುಟದಲ್ಲಿ ಅವರ ಪೆನ್ನು ನಿಂತಿತು. ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ.

"ಮೇಡಂ, ಈ ಮಿರ್ಚಿ ಎಲ್ಲಿಂದ ತರಿಸಿದ್ದು? ನಮ್ಮ ಕಡೆ ಇಷ್ಟು ಗರಿಗರಿ ಬರೋದಿಲ್ಲ" ಅಂದರು.

ಅಟೆಂಡರ್ ಪೇಟೆಯ ಯಾವುದೋ ಅಂಗಡಿಯ ಗುರುತು ಹೇಳಿದ. ಪರೀಕ್ಷಕರು ತಲೆಯಾಡಿಸಿ, ಹಿಂದಿನ ಪತ್ರಿಕೆಗೆ ಹಾಕಿದ ಅಂಕಗಳನ್ನೇ ಇದಕ್ಕೂ ಹಾಕಿದರು. ಅದರ ಹಿಂದಿನದಕ್ಕೂ ಅದನ್ನೇ ಹಾಕಿದ್ದರು. ಆ ದಿನ ನಮ್ಮ ಎಲ್ಲ ಮಕ್ಕಳಿಗೂ ಹೆಚ್ಚು ಕಡಿಮೆ ಅಷ್ಟೇ ಬಂತು. ಎಲ್ಲರೂ ಪಾಸು. ಸರ್ ರೈಲಿಗೆ ಹೊತ್ತಾಯಿತೆಂದು ಅವಸರ ಮಾಡಿ ಅವರನ್ನು ಕರೆದುಕೊಂಡು ಹೋದರು. ನಾನು ಆ ಕುರ್ಚಿಯಲ್ಲೇ ಕೂತಿದ್ದೆ. ಹುಡುಗಿ ಪಾಸಾದಳು, ಅಷ್ಟೇ ತಾನೇ ಬೇಕಿದ್ದದ್ದು? ಹೌದು, ಅಷ್ಟೇ. ಆದರೆ ನನಗೆ ಬಂದದ್ದು ಸಂತೋಷವಲ್ಲ. ಇಷ್ಟು ಹೆದರಿದ್ದು ಯಾರಿಗೆ? ಓದದೇ ಇದ್ದವರಿಗೆ.

ಗೇಟಿನ ಹತ್ತಿರ ಅವಳು ನಿಂತಿದ್ದಳು. ಅವಳ ತಂದೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಕಾಯುತ್ತಿದ್ದರು. ಫಲಿತಾಂಶ ಹೇಳುವ ಹಾಗಿಲ್ಲ, ಆದರೂ ಅವರ ಮುಖ ನೋಡಿ, "ಏನೂ ಚಿಂತೆ ಮಾಡಬ್ಯಾಡ್ರಿ" ಅಂದೆ. ಅವರು ಆಕಾಶದ ಕಡೆ ಕೈ ಎತ್ತಿ, ಆಮೇಲೆ ನನಗೂ ಕೈ ಮುಗಿದು, ಸೈಕಲ್ಲಿನ ಸ್ಟ್ಯಾಂಡು ತೆಗೆದರು. ಹುಡುಗಿ ಅಲ್ಲಾಡಲಿಲ್ಲ.

"ಅವ್ರು ಓದಿದ್ರಾ ಮೇಡಂ?" ಅಂದಳು.

ಹೌದು ಅಂದುಬಿಡಬಹುದಿತ್ತು. ಬೆಳಿಗ್ಗೆಯಿಂದ ಕಾಲ ಮೇಲೆ ನಿಂತಿದ್ದೆ, ಐದರ ಬಸ್ಸಿನ ಹೊತ್ತು, ಆಸ್ಪತ್ರೆಯಿಂದ ಬಂದ ಅತ್ತೆಗೆ ಗಂಜಿ ಆಗಬೇಕು. ಒಂದು ಹೌದು ಅಂದಿದ್ದರೆ ಇಬ್ಬರೂ ನಮ್ಮ ನಮ್ಮ ಮನೆಗೆ ಹೋಗುತ್ತಿದ್ದೆವು. ಆದರೆ ಹತ್ತು ನಿಮಿಷ ಎರಡು ಗಡಿಯಾರದ ಮುಂದೆ ಉಸಿರು ಬಿಗಿಹಿಡಿದು ಕೂರುವ ಹುಡುಗಿಗೆ ಅಂದಾಜಿನ ಉತ್ತರ ಕೊಡಲು ನನ್ನ ಕೈಲಾಗಲಿಲ್ಲ.

"ಇಲ್ಲ. ಓದ್ಲಿಲ್ಲ."

ಅವಳು ನೆಲ ನೋಡಿದಳು. ಕೈಯಿಂದ ವಾಚು ಬಿಚ್ಚಿ ತಂದೆಗೆ ಕೊಟ್ಟಳು. "ಪಾಸಾತಲ್ಲ ಬೇಟಿ, ಓದಿದ್ರೇನು, ಬಿಟ್ರೇನು" ಎಂದು ಅವರು ಅಂದರು. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವುದನ್ನು ನಾನು ಗುರುತಿಸಿದೆ. ನಮ್ಮ ಸರ್ ಹಾಗೆ ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಹೋಗಲಿ ಬಿಡು ಎಂದು ಒಳಗೊಳಗೇ ಹೇಳಿಕೊಳ್ಳುವವರು ಆಡಿಸುವ ತಲೆ ಅದು. ಇಷ್ಟು ಬೇಗ ಅದು ಅವಳಿಗೆ ಬರಬಾರದಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು.

"ಅವ್ರು ಓದ್ಲಿಲ್ಲ. ನಾನು ಓದೀನಿ" ಅಂದೆ. "ಕೊನೇ ಪುಟದಾಗ ತಪ್ಪು ಮಾಡೀಯಲ್ಲ, ಗೊತ್ತೈತಾ?"

ಅವಳು ಥಟ್ಟನೆ ತಲೆ ಎತ್ತಿದಳು. "ಎಲ್ಲಿ ಮೇಡಂ?"

ಆ ಮುಖದಲ್ಲಿ ಬಂದ ಬೆಳಕನ್ನು ನಾನು ಯಾವ ರ‍್ಯಾಂಕು ಬಂದವರ ಮುಖದಲ್ಲೂ ಆಮೇಲೆ ನೋಡಲಿಲ್ಲ. ತಪ್ಪು ಸಿಕ್ಕಿದೆ ಎಂದರೆ ಯಾರೋ ಸಾಲು ಸಾಲಾಗಿ ಓದಿದ್ದಾರೆ ಎಂದು ಅವಳಿಗೆ ಅರ್ಥವಾಗಿತ್ತು. ನಾನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆ. ಬ್ಯಾಗಿನಲ್ಲಿ ಕಾಗದ ಸಿಗಲಿಲ್ಲ. ಅವಳೇ ಒಂದು ಕಲ್ಲಿನ ಚೂರು ತೆಗೆದುಕೊಂಡು ನೆಲದ ಮೇಲೆ ಬರೆಯತೊಡಗಿದಳು. ಹೊತ್ತು ಎಲ್ಲಿ ಬರುತ್ತದೆ, ಎಷ್ಟು ಸಲ ಬರುತ್ತದೆ ಎಂದು ನಾನು ಕೇಳಿದೆ. ಅವಳು ಬರೆದದ್ದನ್ನು ನೋಡಿ, ಹಣೆ ಬಡಿದುಕೊಂಡು, ಅಂಗೈಯಿಂದ ಅಳಿಸಿ, ಎರಡನೇ ಸಲ ತಿದ್ದಿ ಗುಣಿಸಿದಳು. ಅವಳ ತಂದೆ ಸೈಕಲ್ಲಿಗೆ ಮತ್ತೆ ಸ್ಟ್ಯಾಂಡು ಹಾಕಿ, ಮಣ್ಣಿನ ಮೇಲಿನ ಅಂಕಿಗಳನ್ನು ತುಳಿಯದ ಹಾಗೆ ಸ್ವಲ್ಪ ದೂರ ಸರಿದು ನಿಂತು ಬಗ್ಗಿ ನೋಡುತ್ತಿದ್ದರು.

"ಒಂಬೈನೂರ ಎಪ್ಪತ್ತೆಂಟು" ಅಂದಳು. "ಎರಡು ಕಡಿಮಿ ಬಂತು ಮೇಡಂ."

"ನಮ್ಮೂರಾಗ ಅಷ್ಟೇ ಐತೆ" ಅಂದೆ.

ರಸ್ತೆಯ ಆ ಕಡೆ ದಾವಣಗೆರೆಯ ಬಸ್ಸು ಬಂದು, ನಿಂತು, ಹೊರಟುಹೋಯಿತು. ನಾನು ಏಳಲಿಲ್ಲ.